ಹರ್ನಿಯಾ ಅಂತ ಹೇಳಿದ್ದು ನಾನೇ

ಜೋಳದ ಕಾಳಿಗಿಂತ ದೊಡ್ಡದಿರದ ಒಂದು ಮಾಂಸದ ತುಣುಕು. ಅದನ್ನು ಬಾಟಲಿಗೆ ಹಾಕುವುದು, ಬಾಟಲಿಯನ್ನು ಬಸ್ಸಿನಲ್ಲಿ ಬೆಳಗಾವಿಗೆ ಒಯ್ಯುವುದು, ವರದಿ ಬರುವವರೆಗೆ ಆ ತುಣುಕು ಕೊಟ್ಟ ಮನುಷ್ಯನ ಮುಖ ನೋಡುತ್ತ ಧೈರ್ಯ ಹೇಳುವುದು. ಬೈಲಹೊಂಗಲದ ಒಂದು ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಾನು ಮಾಡಿದ ಕೆಲಸಗಳಲ್ಲಿ ನೆನಪಿನಲ್ಲಿ ಉಳಿದದ್ದು ಇದೇ. ಗಾಯ ಕಟ್ಟಿದ್ದು, ಸೂಜಿ ಮಾಡಿದ್ದು, ಗ್ಲುಕೋಸ್ ಹಚ್ಚಿದ್ದು ಎಲ್ಲ ಮರೆತುಹೋಗಿದೆ.

ಡಿಪ್ಲೊಮಾ ಮುಗಿಸಿ ಆಪರೇಷನ್ ಕೋಣೆಯ ಕೆಲಸಕ್ಕೆ ಸೇರುವ ಹುಡುಗರು ಈಗಲೂ ಒಬ್ಬಿಬ್ಬರು ಮನೆಗೆ ಬರುತ್ತಾರೆ. "ಅಜ್ಜಾರ, ನಿಮ್ಮ ಕಾಲದಾಗ ಹೆಂಗಿತ್ತು?" ಎಂದು ಕೇಳುತ್ತಾರೆ. ನಾನು ನಗೆಯ ಸಂಗತಿಗಳನ್ನು ಹೇಳಿ ಚಹಾ ಕುಡಿಸಿ ಕಳಿಸುತ್ತೇನೆ. ಒಂದು ಸಂಗತಿಯನ್ನು ಮಾತ್ರ ಬಾಯಿಂದ ಹೇಳಲು ಆಗಿಲ್ಲ. ಬರೆದರೆ ಆದೀತು ಎಂದು ಕುಳಿತಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ತೊಂಬತ್ತರ ದಶಕದ ಮಾತು. ಮಕ್ಕಳಾಗಿಲ್ಲ ಎಂದು ಸವದತ್ತಿ, ರಾಮದುರ್ಗ, ಕಿತ್ತೂರಿನ ಕಡೆಯಿಂದ ಜನ ನಮ್ಮಲ್ಲಿಗೆ ಬರುತ್ತಿದ್ದರು. ಮೊದಲು ಬರುವವಳು ಹೆಂಡತಿ. ಅತ್ತೆ ಕರೆತರುತ್ತಿದ್ದಳು, ಇಲ್ಲವೆ ನಾದಿನಿ. ಗಂಡ ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ನಿಂತಿರುತ್ತಿದ್ದ. ನಮ್ಮ ಡಾಕ್ಟರ್ ಸಾಹೇಬರು ಕಿಟಕಿಯಿಂದ ಅವನನ್ನು ನೋಡಿ, "ಬಸಲಿಂಗಾ, ಆ ಮರದ ಕೆಳಗಿನ ರೋಗೀನ ಒಳಗ ಕರಿ" ಅನ್ನುತ್ತಿದ್ದರು. ಬಸಲಿಂಗ ಎಂದರೆ ನಾನು.

"ನಾ ರೋಗಿ ಅಲ್ರಿ, ಆಕೀನ್ನ ತೋರಸಾಕ ಬಂದೇನಿ" ಎನ್ನುವುದು ಎಲ್ಲರ ಮೊದಲ ಮಾತು.

"ಜೋಡೆತ್ತಿನ ಬಂಡಿ ನಿಂತ್ರ ಒಂದ ಎತ್ತ ನೋಡಿ ಬಿಡತೀರೇನ್ರಿ?" ಎನ್ನುವುದು ಸಾಹೇಬರ ಮೊದಲ ಮಾತು.

ಗಂಡಸಿನ ಪರೀಕ್ಷೆ ಸುಲಭ, ನೋವಿಲ್ಲ, ಅದನ್ನೇ ಮೊದಲು ಮಾಡಬೇಕು ಎಂಬುದು ಅವರ ಹಟ. ಆದರೆ ಹೆಂಡತಿಗೆ ಎರಡು ಮೂರು ಸಲ ಗರ್ಭಚೀಲ ತೊಳೆಸಿ, ಊರೂರ ಔಷಧ ಕುಡಿಸಿದ ಮೇಲೆಯೇ ಗಂಡ ಒಪ್ಪುತ್ತಿದ್ದ. ವೀರ್ಯ ನೋಡಿದಾಗ ಅದರಲ್ಲಿ ಒಂದೂ ವೀರ್ಯಾಣು ಕಾಣದಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತಿದ್ದೆವು. ಆಗಲೂ ಇಲ್ಲವೆಂದರೆ ಪ್ರಶ್ನೆ ಎರಡೇ. ವೃಷಣದೊಳಗೆ ವೀರ್ಯಾಣು ಹುಟ್ಟುತ್ತಲೇ ಇಲ್ಲವೋ, ಅಥವಾ ಹುಟ್ಟಿಯೂ ಹೊರಗೆ ಬರುವ ದಾರಿ ಮುಚ್ಚಿದೆಯೋ? ಇದನ್ನು ತಿಳಿಯಲಿಕ್ಕೆ ಆ ಜೋಳದ ಕಾಳು.

ಸಾಹೇಬರು ಇದನ್ನು ಎಲ್ಲರಿಗೂ ಒಂದೇ ರೀತಿ ಹೇಳುತ್ತಿರಲಿಲ್ಲ. ನೇಸರಗಿಯ ರೈತನಿಗೆ ಬಾವಿ ಮತ್ತು ಪೈಪಿನ ಲೆಕ್ಕ. ರಾಮದುರ್ಗದ ನೇಕಾರನೊಬ್ಬನ ವರದಿ ಬಂದಾಗ ಅವನ ಹೆಗಲ ಮೇಲೆ ಕೈಯಿಟ್ಟು, "ಮಗ್ಗ ನಡದೈತಪಾ, ಸೀರಿ ನೇಯ್ದ ಬೀಳಾಕ ಹತ್ಯಾವ. ಪ್ಯಾಟಿಗೆ ಹೋಗೂ ರಸ್ತಾ ಕಟ್ಟೇತಿ, ಅಷ್ಟ" ಎಂದರು.

ಅವನು, "ಅಂದ್ರ ನೇಕಾರನ ತಪ್ಪಲ್ಲ ಅನ್ರಿ!" ಎಂದ. ನಕ್ಕ. ಅಳುತ್ತಲೇ ನಕ್ಕ. ದಾರಿ ಜೋಡಿಸುವ ಆಪರೇಷನ್ನಿಗೆ ಅವನನ್ನು ದೊಡ್ಡ ಊರಿಗೆ ಕಳಿಸಿದೆವು.

ಕೆಲಸದ ರೀತಿ ಹೇಳಿಬಿಡುತ್ತೇನೆ. ಜಾಗ ಮರಗಟ್ಟುವ ಸೂಜಿ ಕೊಟ್ಟು, ಚೀಲದ ಚರ್ಮವನ್ನು ಸ್ವಲ್ಪ ಕೊಯ್ದು, ವೃಷಣದ ಬಿಳಿ ಪದರಕ್ಕೆ ಸಣ್ಣ ಬಾಯಿ ಮಾಡಿದರೆ ಒಳಗಿನ ಮೆತ್ತನೆಯ ಭಾಗ ತಾನೇ ಉಬ್ಬಿ ಹೊರಗೆ ಇಣುಕುತ್ತದೆ. ಅದನ್ನು ಸಣ್ಣ ಕತ್ತರಿಯಿಂದ ತೆಗೆಯಬೇಕು. ಚಿಮಟಿಯಿಂದ ಹಿಡಿಯಬಾರದು. ಹಿಂಡಿದರೆ ಒಳಗಿನ ಕೂದಲೆಳೆಯಂಥ ಕೊಳವೆಗಳು ನುಗ್ಗಾಗಿ, ಬೆಳಗಾವಿಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ತೆಗೆದ ಕೂಡಲೇ ಹಳದಿ ದ್ರಾವಣದ ಬಾಟಲಿಗೆ ಬಿಡಬೇಕು. ಎಡಕ್ಕೊಂದು ಬಾಟಲಿ, ಬಲಕ್ಕೊಂದು.

ಆ ಹಳದಿ ನೀರಿನ ಬಣ್ಣ ಬೆರಳಿಗೆ ಹತ್ತಿದರೆ ಸಬಕಾರಕ್ಕೂ ಬಗ್ಗುತ್ತಿರಲಿಲ್ಲ. ನನ್ನ ಹೆಂಡತಿ ರೊಟ್ಟಿ ಬಡಿಸುತ್ತ, "ಇವತ್ತ ಯಾರ ಮದವ್ಯಾಗ ಅರಿಷಿಣ ಹಚ್ಚಿ ಬಂದ್ರಿ?" ಎಂದು ಚುಚ್ಚುತ್ತಿದ್ದಳು.

ಹೊಸದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಮೈಮೇಲಿನ ಗಂಟು, ಗಡ್ಡೆ ತೆಗೆದಾಗ ಅವನ್ನು ಫಾರ್ಮಲಿನ್ ಎಂಬ ಬಣ್ಣವಿಲ್ಲದ ದ್ರಾವಣಕ್ಕೆ ಹಾಕುವುದು ರೂಢಿ. ಮನೋಳಿಯ ರೈತನೊಬ್ಬನ ತುಣುಕನ್ನೂ ಕೈ ರೂಢಿಯಂತೆ ಅದಕ್ಕೇ ಬಿಟ್ಟೆ. ಬೆಳಗಾವಿಯಿಂದ ಉತ್ತರ ಬಂತು: ಕೊಳವೆಗಳು ಮುದುಡಿವೆ, ಹೇಳಲು ಬರುವುದಿಲ್ಲ. ಸಾಹೇಬರು ನನ್ನನ್ನು ಒಳಗೆ ಕರೆದು ಬೈದರು. ಹೊರಗೆ ಬಂದು ರೈತನಿಗೆ ಮಾತ್ರ, "ತಪ್ಪು ನಮ್ಮ ಕಡಿಂದ ಆಗೇತ್ರಿ. ಇನ್ನೊಮ್ಮೆ ತಗೀಬೇಕು" ಎಂದರು. ನನ್ನ ಹೆಸರು ಎತ್ತಲಿಲ್ಲ.

ರೈತ ಪಟಕಾ ತೆಗೆದು ತಲೆ ಕೆರೆದುಕೊಂಡ. "ಎರಡ ಸಲ ಹರಗಿದ ಹೊಲಾ ಛಲೋ ಬೆಳೀತೈತಿ ಅಂತಾರ. ಹರಗ್ರಿ" ಎಂದ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.

ಮುಂದೆ ಎರಡು ಸಾವಿರದ ಇಸವಿ ದಾಟಿದ ಮೇಲೆ ರೀತಿ ಬದಲಾಯಿತು. ಕೊಯ್ಯದೆ ಸೂಜಿಯಿಂದಲೇ ಎಳೆದು ನೋಡುವುದು ಬಂತು. ರಕ್ತದ ಪರೀಕ್ಷೆ, ಕೈಯಿಂದ ಮುಟ್ಟಿ ನೋಡುವುದು, ಇಷ್ಟರಲ್ಲೇ ಬಹಳಷ್ಟು ತಿಳಿಯತೊಡಗಿತು. ತುಣುಕಿನಲ್ಲಿ ಒಂದೆರಡು ವೀರ್ಯಾಣು ಸಿಕ್ಕರೂ ಅವನ್ನೇ ಉಪಯೋಗಿಸಿ ಮಗು ಮಾಡುವ ವಿದ್ಯೆ ದೊಡ್ಡ ಊರುಗಳಿಗೆ ಬಂದ ಮೇಲೆ, ಬರೀ ನೋಡುವುದಕ್ಕಾಗಿ ಇಲ್ಲಿ ಕೊಯ್ಯುವುದನ್ನು ಸಾಹೇಬರು ನಿಲ್ಲಿಸಿಬಿಟ್ಟರು. "ತಗಿಯೂದಾದ್ರ ಅಲ್ಲೇ ತಗೀಲಿ, ಸಿಕ್ಕದ್ದು ಹಾಳಾಗಬಾರದು" ಎಂದರು. ನನ್ನ ಹಳದಿ ಬಾಟಲಿಗಳು ಕಪಾಟಿನಲ್ಲಿ ಉಳಿದವು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು.

ಇನ್ನು ಹರ್ನಿಯಾದ ವಿಷಯ.

ಕೊಯ್ದ ಮೇಲೆ ಪಟ್ಟಿ ಕಟ್ಟಿ, ಲಂಗೋಟಿ ಬಿಗಿದು ಮಲಗಿಸಿದ ಗಂಡಸು ಕೇಳುವ ಮೊದಲ ಪ್ರಶ್ನೆ ನೋವಿನದಲ್ಲ. "ಊರಾಗ ಏನಂತ ಹೇಳ್ಲಿ?" ಎಂಬುದು. ನಡೆಯುವಾಗ ಕಾಲು ಅಗಲಿಸಿ ನಡೆಯಬೇಕು, ನಾಲ್ಕು ದಿನ ಸೈಕಲ್ ಹತ್ತುವಂತಿಲ್ಲ, ಮಂದಿ ಕೇಳದೆ ಬಿಡುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಕರುಳು ಇಳಿಯುವ ಹರ್ನಿಯಾ ರೋಗದ ಆಪರೇಷನ್ ಆದವರೂ ಹೀಗೇ ನಡೆಯುತ್ತಾರೆ, ಹೀಗೇ ಲಂಗೋಟಿ ಕಟ್ಟುತ್ತಾರೆ. "ಹರ್ನಿಯಾ ಅಂತ ಹೇಳ್ರಿ. ಯಾರೂ ಬಿಚ್ಚಿ ತೋರಸು ಅನ್ನಂಗಿಲ್ಲ" ಎಂದೆ. ಕಿತ್ತೂರಿನ ಸಾಲಿ ಮಾಸ್ತರರೊಬ್ಬರು ನನ್ನ ಕೈ ಹಿಡಿದು, "ನನ್ನ ಮಾನ ಉಳಿಸಿದಿ ತಮ್ಮಾ" ಎಂದರು. ಅಲ್ಲಿಂದ ನಾನು ಎಲ್ಲರಿಗೂ ಅದನ್ನೇ ಹಂಚಿದೆ. ಅವರು ಕೇಳದಿದ್ದರೂ ಹಂಚಿದೆ. ನೋಡಲು ಬಂದ ಬಂಧುಗಳಿಗೆ ನಾನೇ ಮುಂದಾಗಿ ಹೇಳತೊಡಗಿದೆ.

ಇದು ಸಾಹೇಬರಿಗೆ ತಿಳಿದದ್ದು ಸವದತ್ತಿಯ ಒಬ್ಬ ಮುದುಕ ವ್ಯಾಪಾರಿಯಿಂದ. ಖರೇ ಖರೇ ಹರ್ನಿಯಾ ಇದ್ದ ಆತ ಬಂದು ಕುಳಿತು, "ನಮ್ಮ ಅಳಿಯಾಗ ಮಾಡಿದಂಥಾದ್ದ ನನಗೂ ಮಾಡ್ರಿ. ಮುಂಜಾನಿ ಮಲಗಿದಾಂವ ಸಂಜಿಕ ಎದ್ದ ಮನಿಗೆ ಬಂದಾನ!" ಎಂದ. ಸಾಹೇಬರು ಬೆರಗಾಗಿ, "ನಿಮ್ಮ ಅಳಿಯಾಗ ನಾ ಯಾವಾಗ ಹರ್ನಿಯಾ ಮಾಡೇನ್ರಿ?" ಎಂದರು. ಬಾಗಿಲಲ್ಲಿ ನಿಂತಿದ್ದ ನಾನು ಹಿಂದಿನಿಂದ ಕೈ ಮುಗಿದು ಸನ್ನೆ ಮಾಡಿದೆ. ಅವರಿಗೆ ಅರ್ಥವಾಯಿತು. ಮುದುಕ ಹೋದ ಮೇಲೆ ನಗು ತಡೆಯಲಾಗದೆ ಕುರ್ಚಿಯಲ್ಲಿ ಒರಗಿದರು. ಆಮೇಲೆ ಮುಖ ಬಿಗಿದು ಹೇಳಿದರು:

"ಬಸಲಿಂಗಾ, ಖರೇನೂ ರೋಗೀದು, ಸುಳ್ಳೂ ರೋಗೀದು. ನೀ ಬಾಯಿ ಹಾಕಬ್ಯಾಡ. ಕೇಳಿದವರಿಗೆ ಡಾಕ್ಟರನ್ನ ಕೇಳ್ರಿ ಅನ್ನು, ಮುಗೀತು."

ಹೂಂ ಎಂದೆ. ನನ್ನ ಚಾಳಿ ಬಿಡಲಿಲ್ಲ.

ಫಕೀರಪ್ಪ ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಕಡಲೆ, ಗೋಧಿ, ಶೇಂಗಾ ತುಂಬಿದ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಹಲಗೆ ಏರಿ ಲಾರಿಗೆ ಹಾಕುವ ಕೆಲಸ. ಅವನ ಹೆಂಡತಿ ಶಾಂತವ್ವ ಅದೇ ಯಾರ್ಡಿನಲ್ಲಿ ಕಾಳು ಹಸನು ಮಾಡುತ್ತಿದ್ದಳು. ಮದುವೆಯಾಗಿ ಬಹಳ ವರ್ಷವಾಗಿ ಮಕ್ಕಳಿರಲಿಲ್ಲ. ಆತ ಉಳಿದ ಗಂಡಸರಂತೆ ಮರದ ಕೆಳಗೆ ನಿಲ್ಲಲಿಲ್ಲ. ನೇರ ಒಳಗೆ ಬಂದು, "ಆಕೀಗೆ ಮಾಡೂದೆಲ್ಲಾ ಮಾಡಿ ಮುಗದೈತ್ರಿ. ಈಗ ನನ್ನ ಪಾಳಿ" ಎಂದ. ಸಾಹೇಬರು ಎದ್ದು ನಿಂತು ಅವನಿಗೆ ಕುರ್ಚಿ ಕೊಟ್ಟದ್ದನ್ನು ನಾನು ನೋಡಿದ್ದೇನೆ.

ತುಣುಕು ತೆಗೆದ ದಿನ ಆತ ಮಲಗಿದ್ದಾಗ ನಾನು ಅಭ್ಯಾಸದಂತೆ ನನ್ನ ಉಪಾಯ ಹೇಳಿದೆ. ಆತ ತಲೆಯಾಡಿಸಿ, "ಬ್ಯಾಡ್ರಿ. ಕಾಲು ಉಳಕೇತಿ ಅಂತ ಹೇಳಿ ಬಂದೇನಿ, ಅಷ್ಟ ಸಾಕು" ಎಂದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಅವರ ಟೋಳಿಯ ಮುಕಾದಮ ಹುಸೇನಸಾಬರು ಬಾಳೆಹಣ್ಣು ಹಿಡಿದುಕೊಂಡು ಬಂದರು. ಹಮಾಲರ ತಂಡವನ್ನು ನಡೆಸುವವರು ಅವರೇ. ಯಾರು ಯಾವ ಚೀಲ ಹೊರಬೇಕು ಎಂಬುದು ಅವರ ಮಾತಿನ ಮೇಲೆ. ಫಕೀರಪ್ಪ ನಿದ್ದೆಯಲ್ಲಿದ್ದ. ಹೊರಸಾಲೆಯಲ್ಲಿ ನನ್ನನ್ನು ತಡೆದು ಮೆಲ್ಲಗೆ ಕೇಳಿದರು:

"ಕಾಲು ಉಳಕಿದವಗ ಕಾಟಿನ ಮ್ಯಾಲ ಯಾಕ ಮಲಗಿಸೀರಿ ಕಂಪೌಂಡರ್? ಖರೇ ಹೇಳು. ಆಂವ ನನ್ನ ಮಗಾ ಇದ್ದಂಗ."

"ಹರ್ನಿಯಾರಿ" ಎಂದೆ. ನಾಲಿಗೆ ತಾನೇ ಹೊರಳಿತು.

ಅವರ ಮುಖ ಇಳಿಯಿತು. "ಯಾ ಅಲ್ಲಾ, ಇವಗೂ ಬಂತಾ?" ಎಂದಷ್ಟೇ ಹೇಳಿ, ಹಣ್ಣು ನನ್ನ ಕೈಗೆ ಕೊಟ್ಟು ಹೋದರು. ಒಬ್ಬನ ಮಾನ ಕಾಪಾಡಿದೆ ಎಂದು ನಾನು ಹಿಗ್ಗಿನಿಂದ ಮನೆಗೆ ನಡೆದೆ.

ಬೇರೆ ಯಾರಿಗಾದರೂ ಆ ಸುಳ್ಳು ನಡೆಯುತ್ತಿತ್ತು. ಮಾಸ್ತರರಿಗೆ ನಡೆಯಿತು, ವ್ಯಾಪಾರಿಯ ಅಳಿಯನಿಗೆ ನಡೆಯಿತು. ಹಮಾಲನಿಗೆ ನಡೆಯುವುದಿಲ್ಲ. ಹರ್ನಿಯಾ ಆದವನ ಬೆನ್ನಿಗೆ ಯಾರ್ಡಿನಲ್ಲಿ ಮತ್ತೆ ಚೀಲ ಇಡುವುದಿಲ್ಲ. ಹಿಂದೆ ಅವರ ಟೋಳಿಯ ಒಬ್ಬ ಆಪರೇಷನ್ ಮಾಡಿಸಿಕೊಂಡು ಬೇಗನೆ ಚೀಲ ಹೊರಲು ಬಂದು, ತೂಕದ ಕಾಟಾದ ಹತ್ತಿರವೇ ಕುಸಿದು ತೀರಿಕೊಂಡಿದ್ದನಂತೆ. ಅವನನ್ನು ಎತ್ತಿ ಒಯ್ದವರು ಹುಸೇನಸಾಬರು. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

ಗಾಯ ಮಾಯ್ದ ಮೇಲೆ ಫಕೀರಪ್ಪ ಕೆಲಸಕ್ಕೆ ಹೋದ. ಹುಸೇನಸಾಬರು ಅವನ ಕೈಗೆ ದಬ್ಬಣ ಕೊಟ್ಟು ಚೀಲದ ಬಾಯಿ ಹೊಲಿಯಲು ಕೂರಿಸಿದರು. ಅದು ಬೆನ್ನು ಬಾಗಿದ ಮುದುಕರ ಕೆಲಸ. ಕೂಲಿ ಕಡಿಮೆ ಎನ್ನುವುದು ಒಂದು ಕಡೆ. ಯಾರ್ಡಿನಲ್ಲಿ ಎಲ್ಲರಿಗಿಂತ ಭಾರ ಹೊರುತ್ತಿದ್ದ ಆಳು ಹೆಂಗಸರ ಎದುರಿಗೆ ದಬ್ಬಣ ಹಿಡಿದು ಕುಳಿತುಕೊಳ್ಳಬೇಕು ಎನ್ನುವುದು ಇನ್ನೊಂದು ಕಡೆ.

"ನನಗ ಹರ್ನಿಯಾ ಇಲ್ಲ ಚಾಚಾ" ಎಂದನಂತೆ.

"ಹಂಗಾರ ಎದಕ್ಕ ಕೊಯ್ದ್ರು?" ಎಂದರಂತೆ ಅವರು. ಆತ ದಬ್ಬಣಕ್ಕೆ ಸುತಳಿ ಪೋಣಿಸಿದನಂತೆ.

ಆತ ನನ್ನ ಹತ್ತಿರ ಬಂದ. ಜಗಳಕ್ಕೆ ಬಂದವನಂತಿರಲಿಲ್ಲ. "ಅಣ್ಣಾರ, ಹರ್ನಿಯಾ ಅಂತ ಯಾರ ಹೇಳ್ಯಾರ ಚಾಚಾಗ?" ಎಂದು ಕೇಳಿದ. ನಾನು ಬಾಟಲಿ ತೊಳೆಯುತ್ತಿದ್ದೆ. ತಲೆ ಎತ್ತದೆ, "ಯಾರೋ ಮಂದಿ ಹೇಳಿರಬೇಕಪಾ, ನನಗೇನ ಗೊತ್ತು" ಎಂದೆ.

ಸುಳ್ಳು ಹೇಳಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ತಿಂದಿದೆ. ಆತ ನಂಬಿದ. "ಹೌದು, ಮಂದಿ ಹಂಗ" ಎಂದು ಹೊರಟುಹೋದ.

ಅಷ್ಟರಲ್ಲಿ ಬೆಳಗಾವಿಯ ವರದಿ ಬಂತು. ದಾರಿ ಮುಚ್ಚಿದ್ದಲ್ಲ. ಕೊಳವೆಗಳಲ್ಲಿ ವೀರ್ಯಾಣು ಹುಟ್ಟಿಸುವ ಕಣಗಳೇ ಇರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಅದಕ್ಕೆ ಮದ್ದಿರಲಿಲ್ಲ. ಸಾಹೇಬರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಆ ದಿನ ಯಾವ ಹೋಲಿಕೆಯನ್ನೂ ಕೊಡಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು. ಶಾಂತವ್ವ ಗಂಡನ ಕೈ ಹಿಡಿದುಕೊಂಡು, "ಇದು ಈ ಖೋಲಿ ಬಿಟ್ಟ ಹೊರಗ ಹೋಗಬಾರದ್ರಿ ಸಾಹೇಬ್ರ" ಎಂದಳು. ಹೊರಗೆ ಯಾರ್ಡಿನ ಹೆಂಗಸರು ಅವಳನ್ನು ಬಂಜೆ ಎಂದು ಆಡಿಕೊಳ್ಳುತ್ತಿದ್ದುದು ನಮಗೆಲ್ಲ ಗೊತ್ತಿತ್ತು.

ಅವರು ಎದ್ದು ಹೋಗುವಾಗ ಸಾಹೇಬರು, "ಕೆಲಸ ಹೆಂಗ ನಡದೈತಿ ಫಕೀರಪ್ಪ? ಚೀಲಾ ಹೊರಾಕ ಏನೂ ತ್ರಾಸ ಇಲ್ಲಲ್ಲ?" ಎಂದರು. "ಹೊರಸಂಗಿಲ್ರಿ, ದಬ್ಬಣ ಹಿಡದೇನಿ" ಎಂದು ಆತ ನಡೆದದ್ದನ್ನೆಲ್ಲ ಹೇಳಿದ. ಸಾಹೇಬರು ನನ್ನ ಕಡೆ ನೋಡಿದರು. ಅವರಿಬ್ಬರೂ ಹೋದ ಮೇಲೆ ನಾನೇ ಹೇಳಿದೆ:

"ನಾನ ಹೇಳಿದ್ನಿರಿ."

"ಗೊತ್ತೈತಿ. ಹೋಗಿ ನಿನ್ನ ಸುಳ್ಳು ಹೊಳ್ಳಿ ತೊಗೊ."

"ಏನಂತ ಹೇಳ್ಲಿರಿ?"

"ಹರ್ನಿಯಾ ಅಲ್ಲ, ನಾ ಸುಳ್ಳ ಹೇಳಿದೆ ಅನ್ನು. ಚೀಲಾ ಹೊರಬಹುದು ಅಂತ ನಾ ಹೇಳೇನಿ ಅನ್ನು. ಖರೇ ಏನು ಅನ್ನೂದನ್ನ ಹೇಳಬ್ಯಾಡ. ಅದು ನಿಂದಲ್ಲ."

ಯಾರ್ಡಿನಲ್ಲಿ ಆಗಷ್ಟೇ ಒಂದು ಖಾಲಿ ಲಾರಿ ಬಂದು ನಿಂತಿತ್ತು. ಕಡಲೆ ಚೀಲಗಳನ್ನು ಒಟ್ಟಿದ್ದರು. ಹಮಾಲರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು ಸಿದ್ಧರಾಗುತ್ತಿದ್ದರು. ಫಕೀರಪ್ಪ ನನಗಿಂತ ಮೊದಲೇ ಬಂದು ದಬ್ಬಣ ಹಿಡಿದು ಕುಳಿತಿದ್ದ. ಆಚೆ ನೆರಳಲ್ಲಿ ಶಾಂತವ್ವ ಹೆಂಗಸರ ಸಾಲಿನಲ್ಲಿ ಜರಡಿ ಹಿಡಿದಿದ್ದಳು. ನಾನು ಹುಸೇನಸಾಬರನ್ನು ಬದಿಗೆ ಕರೆದೆ. ಅವರು ಬರಲಿಲ್ಲ. "ಇಲ್ಲೇ ಹೇಳು, ಎಲ್ಲಾರೂ ನಮ್ಮವರ" ಎಂದರು.

"ಫಕೀರಪ್ಪಗ ಹರ್ನಿಯಾ ಇಲ್ರಿ. ಅವತ್ತ ನಾ ಸುಳ್ಳ ಹೇಳಿದೆ."

ಫಕೀರಪ್ಪ ತಲೆ ಎತ್ತಿ ನನ್ನನ್ನು ನೋಡಿದ.

"ಸುಳ್ಳಾ? ಯಾಕ?" ಎಂದರು ಹುಸೇನಸಾಬರು.

"ತಪ್ಪಾತ್ರಿ."

"ಹಂಗಾರ ಏನಾಗಿತ್ತ ಅವಗ?"

"ಅದನ್ನ ನಾ ಹೇಳಂಗಿಲ್ರಿ. ಚೀಲಾ ಹೊರಬಹುದಂತ ಡಾಕ್ಟರ್ ಹೇಳ್ಯಾರ."

"ಹೇಳಂಗಿಲ್ಲ ಅಂದ್ರ? ಹರ್ನಿಯಾಕಿಂತ ಕೆಟ್ಟದ್ದೇನು?" ಅವರ ದನಿ ಏರಿತು. "ಅವತ್ತೊಂದು ಹೇಳಿದಿ, ಇವತ್ತೊಂದು ಹೇಳತಿ. ನಿನ್ನ ಮಾತ ನಂಬಿ ಚೀಲಾ ಇಡ್ಲಿ? ನಾಳೆ ಇಂವ ಬಿದ್ರ ಇವನ ಹೆಂಡತಿಗೆ ನೀ ಉತ್ತರಾ ಕೊಡತೀಯೇನು?"

ಮಂದಿ ಸೇರಿತು. "ಕೆಟ್ಟ ರೋಗ ಹಚ್ಚಿಕೊಂಡಿರಬೇಕು" ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬ ಕಿಸಕ್ಕನೆ ನಕ್ಕ. ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋಗಿ ನಾನು ಅವನನ್ನು ಇನ್ನೂ ಆಳಕ್ಕೆ ದೂಡಿದ್ದೆ.

ಫಕೀರಪ್ಪ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಎದ್ದ.

"ಮಕ್ಕಳಾಗೂ ಪರೀಕ್ಷಾ ಮಾಡಿಸಿದ್ನಿ ಚಾಚಾ" ಎಂದ. ದನಿ ದೊಡ್ಡದಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಬೀಜದಾಗಿಂದು ಚೂರು ತಗದು ನೋಡ್ಯಾರ. ಕೊರತಿ ನಂದು. ಆಕೀದಲ್ಲ."

ಜರಡಿಗಳು ನಿಂತವು. ಯಾರೂ ನಗಲಿಲ್ಲ. ಹುಸೇನಸಾಬರು ಲಾರಿಯ ಕಡೆ ಕೈ ಮಾಡಿ, "ಬಾ. ಬಾಗು" ಎಂದರು.

ನಮ್ಮ ಯಾರ್ಡಿನಲ್ಲಿ ಲಾರಿಗೆ ಹೋಗುವ ಮೊದಲ ಚೀಲಕ್ಕೆ ಒಂದು ಎಂದು ಎಣಿಸುವುದಿಲ್ಲ, ಲಾಭ ಎಂದು ಎಣಿಸುತ್ತಾರೆ. ಆ ಚೀಲವನ್ನು ಮಕ್ಕಳಿದ್ದವನ ಬೆನ್ನಿಗೇ ಇಡಬೇಕೆಂಬುದು ದಲಾಲರ ನಂಬಿಕೆ. ಅಂಗಡಿಯ ಕಟ್ಟೆಯ ಮೇಲಿದ್ದ ದಲಾಲರು, "ಸಾಬ್ರ, ಮೊದಲ್ನೇದಲ್ರೀ ಅದು..." ಎಂದು ರಾಗ ಎಳೆದರು.

"ಚೀಲಾ ಏರಿಸೂದು ಬೆನ್ನರಿ, ಮಕ್ಕಳಲ್ಲ" ಎಂದರು ಹುಸೇನಸಾಬರು. ಇನ್ನೊಬ್ಬನನ್ನು ಕರೆದು ತಾವೂ ಒಂದು ಕಡೆ ಕೈ ಹಚ್ಚಿ ಚೀಲವನ್ನು ಎತ್ತಿ ಅವನ ಬೆನ್ನಿಗಿಟ್ಟರು. ಯಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದರು: "ಲಾ...ಭ!"

ನಾನು ಅಲ್ಲಿ ನಿಲ್ಲಲಾರದೆ ಗೇಟಿನ ಕಡೆ ನಡೆದೆ. ಶಾಂತವ್ವ ಹಿಂದೆ ಬಂದಳು. ಮೈಮೇಲೆಲ್ಲ ಕಾಳಿನ ಧೂಳು. ಬೈಯಲಿ ಎಂದು ನಿಂತೆ.

"ಅಣ್ಣಾರ, ಅವರ ಬಾಯಿಂದ ಅದನ್ನ ಹೇಳಿಸಬಾರದಿತ್ರಿ ನೀವು" ಎಂದಳು. "ಮಂದಿ ನನಗ ಅಂದ್ರ ಅನ್ನಲಿ ಅಂತ ಸುಮ್ಮನಿದ್ದೆ. ಅದನ್ನ ನಾ ಹೊತಗೊಂಡ ಹೊಂಟಿದ್ನೆಲ್ಲ."

ನಾನು ಕೈ ಮುಗಿದೆ. ಅವಳು ನನ್ನ ಕೈಗಳನ್ನು ನೋಡಲಿಲ್ಲ. ಅವಳ ಕಣ್ಣು ಲಾರಿಯ ಮೇಲಿತ್ತು. ಫಕೀರಪ್ಪನ ಕಾಲ ಕೆಳಗೆ ಹಲಗೆ ಬಾಗಿ ಕಿರುಗುಟ್ಟುತ್ತಿತ್ತು.

"ನೋಡ್ರಿ," ಎಂದಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಹೆಂಗ ಏರಾಕ ಹತ್ಯಾರ."